ನೂಲು ಹರಿದರೆ ಮಗ್ಗ ನಿಲ್ಲಬೇಕು

ಕೈಜೆನ್, ಜಿಡೋಕ, ಐದು ಸಲ ‘ಯಾಕೆ’ ಕೇಳೋದು. ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಇವನ್ನೆಲ್ಲ ಬರೆದು, ಹಾಲ್‌ನಿಂದ ಹೊರಗೆ ಬರುತ್ತಲೇ ಮರೆತುಬಿಡ್ತೀವಿ. ಆದರೆ ಜಿಡೋಕದ ಬೇರು ಇರುವುದು ಕಾರಿನ ಕಾರ್ಖಾನೆಯಲ್ಲಲ್ಲ, ಒಂದು ಮಗ್ಗದಲ್ಲಿ.

ಸಕಿಚಿ ಟೊಯೊಡ ಹುಟ್ಟಿದ್ದು 1867ರಲ್ಲಿ, ಜಪಾನಿನ ಈಗಿನ ಶಿಜುವೊಕ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ತಂದೆ ಬಡಗಿ. ತಾಯಿ ಮನೆಯಲ್ಲೇ ಬಟ್ಟೆ ನೇಯುತ್ತಿದ್ದರು. ಸಕಿಚಿ ನಮ್ಮ ಹಾಗೆ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಪ್ಪನಿಂದ ಕಲಿತ ಮರಗೆಲಸವೇ ಬಂಡವಾಳ. 1890ರಲ್ಲಿ ಟೋಕಿಯೊದ ಕೈಗಾರಿಕಾ ಪ್ರದರ್ಶನಕ್ಕೆ ಹೋಗಿ, ದಿನಾ ಯಂತ್ರಗಳ ಮುಂದೆ ನಿಂತು ನೋಡಿದರು. ಮರುವರ್ಷ ಅವರ ಮರದ ಕೈಮಗ್ಗಕ್ಕೆ ಪೇಟೆಂಟ್ ಸಿಕ್ಕಿತು.

1896ರಲ್ಲಿ ಯಂತ್ರಮಗ್ಗ ಮಾಡಿದರು. ಅದರ ವಿಶೇಷ ಇಷ್ಟೇ: ಹೊಕ್ಕಿನ ನೂಲು ಹರಿದರೆ ಮಗ್ಗ ತಾನಾಗೇ ನಿಲ್ಲುತ್ತಿತ್ತು. ಇದರಲ್ಲೇನು ದೊಡ್ಡದು ಅನ್ನಿಸಬಹುದು. ನಿಲ್ಲದ ಮಗ್ಗ ಕೆಟ್ಟ ಬಟ್ಟೆಯನ್ನು ನೇಯುತ್ತಲೇ ಹೋಗುತ್ತೆ, ಹಾಗಾಗಿ ಅದರ ಪಕ್ಕ ಸದಾ ಒಬ್ಬರು ಕಣ್ಣಿಟ್ಟು ಕಾಯಬೇಕು. ತಾನೇ ನಿಲ್ಲುವ ಮಗ್ಗಕ್ಕೆ ಕಾವಲು ಬೇಡ. ಒಬ್ಬರೇ ಹಲವು ಮಗ್ಗ ನೋಡಿಕೊಳ್ಳಬಹುದು. ಜಿಡೋಕ ಅಂದರೆ ಇದೇ.

ದಾರಿ ಸಲೀಸಾಗಿರಲಿಲ್ಲ. ವ್ಯಾಪಾರ ಕುಸಿದಾಗ, 1910ರಲ್ಲಿ, ತಮ್ಮದೇ ಹೆಸರಿನ ಕಂಪನಿಯಿಂದ ಹೊರಬರಬೇಕಾಯ್ತು. ಆಗಲೂ ಸುಮ್ಮನೆ ಕೂರಲಿಲ್ಲ. ಅಮೆರಿಕ, ಯುರೋಪ್ ಸುತ್ತಿ ಅಲ್ಲಿನ ಮಗ್ಗಗಳನ್ನು ನೋಡಿ ಬಂದು ಮತ್ತೆ ಶುರು ಮಾಡಿದರು. 1924ರಲ್ಲಿ ‘ಜಿ ಟೈಪ್’ ಮಗ್ಗ ಸಿದ್ಧವಾಯಿತು. ಓಡುತ್ತಿರುವಾಗಲೇ ಲಾಳಿ ತಾನಾಗಿ ಬದಲಾಗುತ್ತಿತ್ತು. ನೂಲು ಹರಿದರೆ ಮಾತ್ರ ನಿಲ್ಲುತ್ತಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಇದರ ಪೇಟೆಂಟ್ ಹಕ್ಕನ್ನು ಕೊಂಡಿತು, ಯಂತ್ರವನ್ನು ಜಗತ್ತಿಗೇ ಮಾರುತ್ತಿದ್ದ ದೇಶದ ಕಂಪನಿ!

ಮರುವರ್ಷ ಸಕಿಚಿ ತೀರಿಕೊಂಡರು. ಮಗ ಕಿಚಿರೊ ಕಾರಿನ ಕಡೆ ತಿರುಗಿದರು. 1937ರಲ್ಲಿ ಟೊಯೊಟಾ ಮೋಟಾರ್ ಹುಟ್ಟಿತು. ನಮ್ಮ ಬಿಡದಿಯಲ್ಲಿ ಕಾರು ಮಾಡುವುದೂ ಇದೇ ಟೊಯೊಟಾ. ಮಗ್ಗದ ಪಾಠ ಕಾರಿನ ಲೈನಿಗೂ ಬಂತು: ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಲೈನನ್ನೇ ನಿಲ್ಲಿಸಬಹುದು. ಆಮೇಲೆ ಯಾಕೆ, ಯಾಕೆ ಅಂತ ಕೇಳುತ್ತಾ ಕಾರಣದ ಬುಡಕ್ಕೆ ಹೋಗುತ್ತಾರೆ. ಐದು ಸಲ ಕೇಳುವ ಈ ಅಭ್ಯಾಸವೂ ಸಕಿಚಿಯವರದೇ ಅಂತಾರೆ.

ನಾವು ಪ್ರಾಜೆಕ್ಟ್ ಮಾಡುವಾಗ ರೀಡಿಂಗ್ ತಪ್ಪು ಬಂದರೆ ಡೆಮೊ ಮುಗಿಯಲಿ ಅಂತ ಮುಂದೆ ತಳ್ತೀವಿ. ಹರಿದ ನೂಲಿನ ಮೇಲೇ ನೇಯ್ದಂತೆ ಅದು. ನಿಲ್ಲಿಸುವವನು ಕೆಲಸ ಕೆಡಿಸುವವನಲ್ಲ, ಬಟ್ಟೆ ಉಳಿಸುವವನು.