ಫುಟ್‌ಬಾಲ್ ನಿಲ್ಲಿಸಿದ ಬೆಳಕು, ಬಾಂಬ್ ಸಿಡಿಸಿದ ಟ್ರಿಗರ್

ಕಳೆದ ತಿಂಗಳು ಒಳಾಂಗಣ ಕಬಡ್ಡಿ ಪಂದ್ಯದ ಫೋಟೋ ತೆಗೆಯೋಕೆ ಎರಡು ಫ್ಲ್ಯಾಶ್‌ಗಳನ್ನು ಕಂಬಕ್ಕೆ ಕಟ್ಟಿದ್ದೆ. ಅವಕ್ಕಿದ್ದದ್ದು ಆಪ್ಟಿಕಲ್ ಟ್ರಿಗರ್. ಅಂದ್ರೆ, ಬೇರೊಂದು ಫ್ಲ್ಯಾಶ್ ಮಿಂಚಿದ್ದನ್ನು ನೋಡಿ ತಾನೂ ಮಿಂಚುವ ಸಾಧನ. ಆಮೇಲೆ ಕೇಳಬೇಕೆ? ಗ್ಯಾಲರಿಯಲ್ಲಿ ಯಾರೇ ಫ್ಲ್ಯಾಶ್ ಹೊಡೆದರೂ ನನ್ನವೂ ಹೊಡೆದುಬಿಡೋವು. ರೈಡರ್ ಗೆರೆ ಮುಟ್ಟೋ ಹೊತ್ತಿಗೆ ಚಾರ್ಜ್ ಖಾಲಿ.

ಸರಿ, ರೇಡಿಯೋ ಟ್ರಿಗರ್ ತಗೊಳ್ಳೋಣ ಅಂತ ಹುಡುಕೋಕೆ ಕೂತೆ. ಬೆಲೆ, ದೂರ, ಬ್ಯಾಟರಿ ಎಲ್ಲವನ್ನೂ ಪಕ್ಕಕ್ಕಿಟ್ಟರೆ ಉಳಿಯೋದು ಒಂದೇ ಪ್ರಶ್ನೆ: ಈ ಬೆಳಕು ಯಾರ ಮಾತು ಕೇಳಬೇಕು, ಯಾವ ಕ್ಷಣದಲ್ಲಿ? ಅದನ್ನೇ ಬದುಕಿಡೀ ಬಿಡಿಸುತ್ತಾ ಕೂತ ಒಬ್ಬ ಅಮೆರಿಕನ್ ಮೇಷ್ಟ್ರಿದ್ದರು. ಹೆರಾಲ್ಡ್ ಎಡ್ಜರ್ಟನ್.

ಅವರು ಹುಟ್ಟಿದ್ದು 1903ರಲ್ಲಿ, ನೆಬ್ರಾಸ್ಕಾ ರಾಜ್ಯದ ಫ್ರೆಮಾಂಟ್‌ನಲ್ಲಿ. ಬೆಳೆದದ್ದು ಅರೋರಾ ಎಂಬ ಸಣ್ಣ ಊರಿನಲ್ಲಿ. ಫೋಟೋಗ್ರಫಿ ಕಲಿಸಿದ್ದು ಚಿಕ್ಕಪ್ಪ, ಕರೆಂಟಿನ ಕೆಲಸ ಕಲಿತದ್ದು ಊರಿನ ವಿದ್ಯುತ್ ಕಂಪನಿಯಲ್ಲಿ. 1920ರ ದಶಕದಲ್ಲಿ ಎಂಐಟಿ ಸೇರಿ, ವೇಗವಾಗಿ ತಿರುಗುವ ಮೋಟಾರುಗಳ ಮೇಲೆ ಸಂಶೋಧನೆ ಮಾಡಿದರು. ಮೋಟಾರಿನ ವೇಗಕ್ಕೆ ಹೊಂದಿಸಿ ಬೆಳಕು ಮಿಂಚಿಸಿದರೆ, ತಿರುಗುತ್ತಿರೋ ಚಕ್ರ ನಿಂತಂತೆ ಕಾಣುತ್ತದೆ. ಮೋಟಾರನ್ನು ಹೀಗೆ ನಿಲ್ಲಿಸಬಹುದಾದರೆ ಮಿಕ್ಕಿದ್ದನ್ನು ಯಾಕೆ ನಿಲ್ಲಿಸಬಾರದು?

ಅವರ ಉಪಾಯ ಸರಳ. ಕೆಪ್ಯಾಸಿಟರ್‌ನಲ್ಲಿ ವಿದ್ಯುತ್ ತುಂಬಿಟ್ಟು, ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ಒಮ್ಮೆಲೇ ಹರಿಸುವುದು. ಕತ್ತಲಲ್ಲಿ ಆ ಮಿಂಚು ಎಷ್ಟು ಚಿಕ್ಕದೋ ಚಿತ್ರ ಅಷ್ಟು ಚೂಪು. ಶಟರ್ ಕೆಲಸವನ್ನು ಬೆಳಕೇ ಮಾಡುತ್ತದೆ. 1934ರಲ್ಲಿ ಅವರು ತೆಗೆದ ಚಿತ್ರದಲ್ಲಿ ಆಟಗಾರನ ಬೂಟು ಫುಟ್‌ಬಾಲಿನೊಳಗೆ ಹೂತುಹೋಗಿದೆ. ಬರಿಗಣ್ಣಿಗೆ ಎಂದೂ ಕಾಣದ ಕ್ಷಣ ಅದು. ಟೆನಿಸ್, ಗಾಲ್ಫ್ ಆಟಗಾರರು, ಹಾಲಿನ ಹನಿ ಚಿಮ್ಮಿಸಿದ ಕಿರೀಟ, ಸೇಬನ್ನು ತೂರಿಹೋದ ಗುಂಡು, ಎಲ್ಲವೂ ಅವರ ಕೈಗೆ ಸಿಕ್ಕವು. ಗುಂಡಿನ ಚಿತ್ರಗಳಲ್ಲಿ ಟ್ರಿಗರ್ ಯಾವುದು ಗೊತ್ತಾ? ಮೈಕ್ರೊಫೋನ್. ಗುಂಡಿನ ಸದ್ದೇ ಫ್ಲ್ಯಾಶ್ ಹೊತ್ತಿಸುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕತೆ. ನಿಲ್ಲಿಸೋಕಾಗಲ್ಲ.

ಎರಡನೇ ಮಹಾಯುದ್ಧದಲ್ಲಿ ಅವರ ಫ್ಲ್ಯಾಶ್ ವಿಮಾನವೇರಿತು. 1944ರ ಜೂನ್‌ನಲ್ಲಿ ನಾರ್ಮಂಡಿ ದಾಳಿಗೆ ಮುಂಚೆ ರಾತ್ರಿ ಹೊತ್ತು ನೆಲದ ಚಿತ್ರ ತೆಗೆಯಲು ನೆರವಾಯಿತು. ಅದು ನಾಜಿಗಳ ವಿರುದ್ಧದ ಯುದ್ಧ, ತಕರಾರಿಲ್ಲ. ಆದರೆ 1947ರಲ್ಲಿ ಅವರು ತಮ್ಮ ಹಳೇ ಜೊತೆಗಾರರಾದ ಜರ್ಮ್‌ಶೌಸನ್ ಮತ್ತು ಗ್ರಿಯರ್ ಜೊತೆ ಇಜಿ ಅಂಡ್ ಜಿ ಕಂಪನಿ ಕಟ್ಟಿದರು. ಅದರ ದೊಡ್ಡ ಕೆಲಸ, ಅಮೆರಿಕದ ಅಣ್ವಸ್ತ್ರ ಪರೀಕ್ಷೆಗಳಿಗೆ ಟೈಮಿಂಗ್ ಮತ್ತು ಫೈರಿಂಗ್ ವ್ಯವಸ್ಥೆ ಒದಗಿಸುವುದು. ಹಲವು ಡಿಟೊನೇಟರ್‌ಗಳು ಒಂದೇ ಕ್ಷಣದಲ್ಲಿ ಸಿಡಿಯಬೇಕು. ನನ್ನ ಎರಡು ಫ್ಲ್ಯಾಶ್ ಒಟ್ಟಿಗೆ ಮಿಂಚಬೇಕಲ್ಲ, ಲೆಕ್ಕ ಅದೇ ಜಾತಿಯದು. ಸ್ಫೋಟದ ಬೆಂಕಿಯುಂಡೆಯನ್ನು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಹಿಡಿಯುವ ರಾಪಟ್ರಾನಿಕ್ ಕ್ಯಾಮೆರಾವನ್ನೂ ಅವರೇ ರೂಪಿಸಿದರು.

1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕ 67 ಪರೀಕ್ಷೆ ನಡೆಸಿತು. 1954ರ ಮಾರ್ಚ್ 1ರಂದು ಸಿಡಿದ ಬ್ರಾವೊ ಬಾಂಬಿನ ವಿಕಿರಣ ಬೂದಿ ರೊಂಗೆಲಾಪ್ ಜನರ ಮೈಮೇಲೆ ಬಿತ್ತು. ಅವರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನ ಕಳೆದ ಮೇಲೆ.

ಎಡ್ಜರ್ಟನ್ ಖಳನಾಯಕ ಅಂತ ನಾನು ಹೇಳ್ತಿಲ್ಲ. ವಿದ್ಯಾರ್ಥಿಗಳಿಗೆ ಅವರು ಪ್ರೀತಿಯ ಮೇಷ್ಟ್ರು. ಕಡಲ ಅನ್ವೇಷಕ ಕೂಸ್ಟೋ ಜೊತೆ ಸಮುದ್ರದಾಳಕ್ಕೆ ಬೆಳಕು ಕಳಿಸಿದವರು. 1990ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಎಂಐಟಿ ಅವರ ಮನೆಯಂತೆಯೇ ಇತ್ತು. ನನ್ನ ತಕರಾರು, ಅವರನ್ನು ಎರಡಾಗಿ ಸೀಳಿ, ಕಲಾವಿದನನ್ನು ಮ್ಯೂಸಿಯಮ್ಮಿಗೂ ಗುತ್ತಿಗೆದಾರನನ್ನು ಅಡಿಟಿಪ್ಪಣಿಗೂ ಹಾಕೋ ನಮ್ಮ ಅಭ್ಯಾಸದ ಬಗ್ಗೆ. ಎರಡನ್ನೂ ಮಾಡಿದ್ದು ಒಂದೇ ತಲೆ, ಒಂದೇ ವಿದ್ಯೆ. ಯಾವ ಕ್ಷಣದಲ್ಲಿ ಅನ್ನೋದಕ್ಕೆ ಆ ವಿದ್ಯೆಯಲ್ಲಿ ನಿಖರ ಉತ್ತರವಿತ್ತು. ಯಾರ ಮಾತು ಕೇಳಬೇಕು ಅನ್ನೋದನ್ನು ಸರ್ಕಾರ ತೀರ್ಮಾನಿಸಿತು. ಇಂಜಿನಿಯರಿಂಗ್ ಮುಗಿಸಿ ರಕ್ಷಣಾ ಕಂಪನಿಯ ಆಫರ್ ಲೆಟರ್ ಹಿಡಿದು ಕೂತಿರೋ ಗೆಳೆಯ ಗೆಳತಿಯರೇ, ಆ ಎರಡನೇ ಪ್ರಶ್ನೆ ನಿಮ್ಮ ಮೇಜಿನ ಮೇಲೂ ಇದೆ.

ಕೊನೆಗೆ ನಾನು ರೇಡಿಯೋ ಟ್ರಿಗರ್ ತಗೊಂಡೆ. ಪಂದ್ಯಕ್ಕೆ ಮುಂಚೆ ವೈಫೈ ಗದ್ದಲವಿಲ್ಲದ ಚಾನೆಲ್ ಹುಡುಕಿಟ್ಟೆ. ಫ್ಲ್ಯಾಶ್ ಶಕ್ತಿಯನ್ನು 1/16ಕ್ಕೆ ಇಳಿಸಿದೆ, ಶಕ್ತಿ ಕಡಿಮೆಯಾದಷ್ಟೂ ಮಿಂಚು ಚಿಕ್ಕದಾಗುತ್ತೆ. ರೈಡರ್‌ನ ಚಾಚಿದ ಬೆರಳು ಗೆರೆಯ ಮೇಲೆ ಚೂಪಾಗಿ ಸಿಕ್ಕಿತು. ಆ ರಾತ್ರಿ ಎಡ್ಜರ್ಟನ್ನರ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಫುಟ್‌ಬಾಲಿನ ಚಿತ್ರದಲ್ಲಿ ಒಬ್ಬ ಮನುಷ್ಯನ ಕಾಲಿದೆ. ಬೆಂಕಿಯುಂಡೆಯ ಚಿತ್ರದಲ್ಲಿ ಯಾರೂ ಇಲ್ಲ.