ಗವಾಯಿಗಳವರ ಜೋಳಿಗೆ

ಶಿವಭಕ್ತರ ಈ ನಾಡಿನಲ್ಲಿ ಜೋಳಿಗೆಯನ್ನು ಕಾಣದವರಿಲ್ಲ. ಜಂಗಮನು ಹೆಗಲಿಗೆ ಜೋಳಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತನೆಂದರೆ, ಮನೆಯ ತಾಯಿ ಎಷ್ಟೇ ಬಡವಳಿರಲಿ, ಒಂದು ಹಿಡಿ ಜೋಳವನ್ನಾದರೂ ನೀಡದೆ ಕಳುಹಿಸಿದವಳಲ್ಲ. ಆದರೆ ಜೋಳಿಗೆಗಳೆಲ್ಲವೂ ಒಂದೇ ಅಲ್ಲ. ಮಗುವಿನ ಸಲುವಾಗಿ ಹಿರಿಯರು ಹಿಡಿಯುವ ಜೋಳಿಗೆಯೊಂದಿದೆ. ಹಿರಿಯರ ಸಲುವಾಗಿ ಮಗುವಿನ ಕೈಗೆ ಕೊಡುವ ಜೋಳಿಗೆ ಮತ್ತೊಂದಿದೆ. ಮೊದಲನೆಯದು ದಾಸೋಹ, ಎರಡನೆಯದು ಪಾಪ. ಹೊರಗಿನಿಂದ ನೋಡುವವರಿಗೆ ಎರಡರ ಬಟ್ಟೆಯೂ ಒಂದೇ ಆದ್ದರಿಂದ ಅನೇಕ ಸಲ ನಾವು ಮೋಸ ಹೋಗುತ್ತೇವೆ. ಈ ಭೇದವನ್ನು ಬಾಯಿಮಾತಿನಿಂದಲ್ಲ, ತಮ್ಮ ಇಡೀ ಬಾಳಿನಿಂದ ತೋರಿಸಿಕೊಟ್ಟವರು ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಗಾನಯೋಗಿ ಪಂಚಾಕ್ಷರ ಗವಾಯಿಗಳವರು.

ಪೂಜ್ಯರು ಜನಿಸಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅದು ಆಗ ಧಾರವಾಡ ಜಿಲ್ಲೆ, ಈಗ ಹಾವೇರಿ ಜಿಲ್ಲೆ. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಹುಟ್ಟಿದಾಗ ಇಟ್ಟ ಹೆಸರು ಗದಿಗೆಯ್ಯ. ಮಗುವಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಅಣ್ಣನಾದ ಗುರುಬಸವಯ್ಯನಿಗೂ ಕಣ್ಣಿರಲಿಲ್ಲ. ಬಡ ಜಂಗಮರ ಮನೆಯಲ್ಲಿ ಎರಡು ಅಂಧ ಶಿಶುಗಳು. ಆ ತಾಯಿಯ ಸಂಕಟವನ್ನು ಹಡೆದವರೇ ಬಲ್ಲರು.

ಅಂದಿನ ಕಾಲದಲ್ಲಿ ಇಂಥ ಮಕ್ಕಳ ಗತಿ ಏನಾಗುತ್ತಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. ಕಣ್ಣಿಲ್ಲದ ಹುಡುಗನೆಂದರೆ ದುಡಿಯಲಾರದ ಬಾಯಿ. ಆತನಿಗೆ ಕಂಠವೊಂದು ಚೆನ್ನಾಗಿದ್ದರಂತೂ ಗಂಡಾಂತರವೇ ಹೆಚ್ಚು. ಯಾರಾದರೊಬ್ಬರು ಕೈಹಿಡಿದು ಜಾತ್ರೆಯಿಂದ ಜಾತ್ರೆಗೆ ಕರೆದೊಯ್ದು ಹಾಡಿಸುವರು. ಮುಂದೆ ಹಾಸಿದ ಬಟ್ಟೆಯ ಮೇಲೆ ಬಿದ್ದ ಕಾಸು ಕೈಹಿಡಿದವನ ಪಾಲಾಗುವುದು. ನೋಡುವವರು ಅಯ್ಯೋ ಪಾಪವೆಂದು ಕಾಸು ಹಾಕಿ ಮುಂದೆ ಸಾಗುವರೇ ಹೊರತು, ಈ ಮಗು ಯಾರದು, ಉಂಡಿತೋ ಇಲ್ಲವೋ, ರಾತ್ರಿ ಎಲ್ಲಿ ಮಲಗುವುದು ಎಂದು ಕೇಳುವವರು ವಿರಳ. ಕರುಣೆಯಿಂದಲೇ ಶೋಷಣೆ ನಡೆಯುವ ವಿಚಿತ್ರವಿದು.

ಗದಿಗೆಯ್ಯನಿಗೂ ಗುರುಬಸವಯ್ಯನಿಗೂ ಹಾಡುವ ಕಂಠವಿತ್ತು. ಆ ಹಾಡು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರ ಕಿವಿಗೆ ಬಿತ್ತು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಮಹಾನುಭಾವರು ಅವರು. ಮಕ್ಕಳ ಹಾಡು ಕೇಳಿ ತಲೆದೂಗಿ, ಕೈಗೆ ಕಾಸು ಕೊಟ್ಟು, ಆಶೀರ್ವದಿಸಿ ಕಳುಹಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಪೂಜ್ಯರು ಹಾಗೆ ಮಾಡಲಿಲ್ಲ. ಹೆತ್ತವರ ಒಪ್ಪಿಗೆಯಿಂದ ಇಬ್ಬರನ್ನೂ ತಮ್ಮ ಬಳಿಗೆ ಕರೆದುಕೊಂಡರು. ಹಾಡಿಸಿ ದುಡ್ಡು ಮಾಡಲು ಅಲ್ಲ, ಹಾಡನ್ನು ಕಲಿಸಲು.

ಕಲಿಸುವುದೆಂದರೆ ಒಂದೆರಡು ಭಜನೆಯ ಪದಗಳನ್ನು ಬಾಯಿಪಾಠ ಮಾಡಿಸುವುದಲ್ಲ. ಗದಿಗೆಯ್ಯನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತದ ಶಿಕ್ಷಣ ಕೊಡಿಸಿದರು. ಅದು ಮುಗಿದ ಮೇಲೆ ಹಿಂದುಸ್ತಾನಿ ಪದ್ಧತಿಯ ಶಿಕ್ಷಣ. ನೀಲಕಂಠಬುವಾ ಮಿರಜಕರರು, ಕಿರಾಣಾ ಘರಾಣೆಯ ಉಸ್ತಾದ್ ವಹೀದ್ ಖಾನ್ ಸಾಹೇಬರು ಇವರ ಗುರುಗಳಾದರು. ವಿದ್ಯೆ ಇದ್ದಲ್ಲಿಗೆ ಹೋಗಬೇಕು, ಕಲಿಸುವವನ ಮತ ಕೇಳಬಾರದೆಂಬ ಉದಾರ ದೃಷ್ಟಿ ಶಿವಯೋಗಮಂದಿರದ್ದಾಗಿತ್ತು. ವರ್ಷಗಟ್ಟಲೆ ನಡೆದ ಈ ಶಿಕ್ಷಣದ ವೆಚ್ಚವನ್ನು ಹೊತ್ತವರು ಯಾರೋ ಒಬ್ಬ ಧನಿಕರಲ್ಲ. ಮಠಕ್ಕೆ ಭಕ್ತರು ಕೊಟ್ಟ ಹಿಡಿ ಹಿಡಿ ಧಾನ್ಯ, ಕಾಸು ಕಾಸು ಕಾಣಿಕೆ ಅದನ್ನು ಹೊತ್ತಿತು. ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಉಭಯ ಗಾನವಿಶಾರದರೆನಿಸಿ ಗದಿಗೆಯ್ಯನವರು ಪಂಚಾಕ್ಷರ ಗವಾಯಿಗಳಾದರು.

ಇಷ್ಟು ವಿದ್ಯೆ ಕೈಗೆ ಬಂದವರು ಯಾವ ಸಂಸ್ಥಾನದ ಆಸ್ಥಾನಕ್ಕಾದರೂ ಹೋಗಿ ಸುಖವಾಗಿರಬಹುದಾಗಿತ್ತು. ಗವಾಯಿಗಳವರು ಬ್ರಹ್ಮಚರ್ಯವನ್ನು ಹಿಡಿದು, ತಾವು ಯಾವ ಕೆಸರಿನಿಂದ ಎತ್ತಲ್ಪಟ್ಟಿದ್ದರೋ ಅದೇ ಕೆಸರಿನಲ್ಲಿದ್ದ ಮಕ್ಕಳನ್ನು ಹುಡುಕತೊಡಗಿದರು. ಅಂಧರು, ಅನಾಥರು, ಅಂಗವಿಕಲರು, ಹೊಟ್ಟೆಗಿಲ್ಲದವರು. ಜಾತಿ ಯಾವುದೆಂದು ಕೇಳಲಿಲ್ಲ. ಮಠವೂ ಇಲ್ಲ, ಮನೆಯೂ ಇಲ್ಲ. ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ತಿರುಗುವ ಸಂಚಾರಿ ಪಾಠಶಾಲೆಯದು. ಹೋದ ಊರಿನವರು ಇಳಿಯಲು ಜಾಗ ಕೊಡುವರು, ಮನೆಮನೆಯಿಂದ ರೊಟ್ಟಿ ಬರುವುದು, ಪಾಠ ನಡೆಯುವುದು. ಆ ಊರಿಗೆ ಭಾರವಾಗುವ ಮೊದಲೇ ಮುಂದಿನ ಊರು.

ಹಾವೇರಿ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಮಗುವೊಂದು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡು, ತಂದೆ ತಾಯಿಗಳನ್ನೂ ಕಳೆದುಕೊಂಡು ಸೋದರಮಾವ ಚಂದ್ರಶೇಖರಯ್ಯನವರ ಆಶ್ರಯದಲ್ಲಿ ಬೆಳೆಯುತ್ತಿತ್ತು. ಆ ಮಾವ ಮಗುವನ್ನು ಹೊರೆಯೆಂದು ಬಗೆಯದೆ, ಬೇಡಲು ಬಿಡದೆ, ತಂದು ಗವಾಯಿಗಳವರ ಕೈಗೆ ಒಪ್ಪಿಸಿದರು. ಆ ಮಗುವೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳು. ಚರಿತ್ರೆಯಲ್ಲಿ ಗುರುವಿನ ಹೆಸರು ದೊಡ್ಡದಾಗಿಯೂ ಮಾವನ ಹೆಸರು ಸಣ್ಣದಾಗಿಯೂ ಉಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಆ ಮಾವನಿಗೂ ಒಂದು ಗದ್ದುಗೆ ಸಲ್ಲಬೇಕು.

ಯಲಿವಾಳದ ಬಸವರಾಜ ರಾಜಗುರು ಕಣ್ಣಿದ್ದ ಹುಡುಗ, ಆದರೆ ಹದಿಮೂರರ ಪ್ರಾಯದಲ್ಲಿ ತಂದೆಯಿಲ್ಲದವನಾದ. ಅವನೂ ಗವಾಯಿಗಳವರ ಮಡಿಲಿಗೆ ಬಂದ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ಜರುಗಿದಾಗ ಈ ತರುಣನು ದೊಡ್ಡ ಸಭೆಯಲ್ಲಿ ಹಾಡಿದನು. ಆಗ ಪಕ್ಕದಲ್ಲಿ ತಬಲಾ ನುಡಿಸಲು ಕುಳಿತವರು ಯಾರು? ಸ್ವತಃ ಗುರುಗಳು! ಶಿಷ್ಯನನ್ನು ಮುಂದೆ ಕೂರಿಸಿ ತಾವು ಪಕ್ಕವಾದ್ಯಕ್ಕೆ ಸರಿದರು. ಮಗುವನ್ನು ಮುಂದಿಟ್ಟು ದುಡಿಸಿಕೊಳ್ಳುವವನೂ ಮಗುವನ್ನು ಮುಂದೆಯೇ ಕೂರಿಸುತ್ತಾನೆ, ನಿಜ. ಆದರೆ ಅವನು ಹಿಂದೆ ಕುಳಿತು ಕಾಸು ಎಣಿಸುತ್ತಾನೆ; ಇವರು ಪಕ್ಕದಲ್ಲಿ ಕುಳಿತು ತಾಳ ಹಿಡಿದರು.

ಇಲ್ಲೊಂದು ಪ್ರಶ್ನೆ ಏಳಬಹುದು. ಗವಾಯಿಗಳವರೂ ನಾಟಕ ಮಂಡಳಿ ಕಟ್ಟಿದರಲ್ಲ, ಮಕ್ಕಳನ್ನು ರಂಗಕ್ಕೆ ತಂದರಲ್ಲ ಎಂದು. ಹೌದು, ತಂದರು. ಹಾಡಿಕೆಯಿಂದಲೂ ನಾಟಕದಿಂದಲೂ ಬಂದದ್ದು ಮಕ್ಕಳ ಅನ್ನಕ್ಕೆ, ವಿದ್ಯೆಗೆ ಹೋಯಿತು. ಮಂಡಳಿ ನಷ್ಟದಲ್ಲಿದ್ದಾಗ ಅದರ ಚಿಂತೆ ಗುರುವಿನ ತಲೆಯ ಮೇಲಿತ್ತು, ಮಕ್ಕಳ ಮೇಲಲ್ಲ. ಕಲಿತು ಮುಗಿಸಿದವನು ತನ್ನ ಕಾಲ ಮೇಲೆ ನಿಂತು ಮನೆ ಕಟ್ಟಿಕೊಂಡು ಹೋದನು. ಅಳೆಯುವ ಕೋಲು ಇಷ್ಟೇ: ಮಗು ದೊಡ್ಡದಾದಂತೆ ಸ್ವತಂತ್ರವಾಯಿತೇ, ಅಥವಾ ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಲ್ಪಟ್ಟಿತೇ?

ನಮ್ಮ ರಾಯಚೂರು ಸೀಮೆಗೂ ಈ ಜೋಳಿಗೆಯ ಋಣವಿದೆ. ನಮ್ಮ ಜಿಲ್ಲೆಯ ಜಂಬಲದಿನ್ನಿಯ ಸಿದ್ಧರಾಮರು ಪಂಚಾಕ್ಷರ ಗವಾಯಿಗಳವರಲ್ಲಿ ಕಲಿತವರು. ಮುಂದೆ ಅವರ ವಚನಗಾಯನವನ್ನು ನಾಡೆಲ್ಲ ಕೇಳಿತು. ರಾಯಚೂರು ನಗರದ ರಂಗಮಂದಿರಕ್ಕೆ ಅವರದೇ ಹೆಸರಿದೆ. ಆ ರಂಗಮಂದಿರದ ಮುಂದೆ ಹಾಯ್ದು ಹೋಗುವ ದೇವದುರ್ಗದ, ಮಾನ್ವಿಯ ಭಕ್ತರು ಒಂದು ಕ್ಷಣ ಯೋಚಿಸಬೇಕು. ಇಂದು ನಮ್ಮ ಹಳ್ಳಿಗಳಲ್ಲಿ ಯಾರ ಮಕ್ಕಳ ಕೈಯಲ್ಲಿ ಯಾವ ಜೋಳಿಗೆಯಿದೆ?

ನಸುಕಿನಲ್ಲಿ ಅಗಸಿಯ ಮುಂದೆ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಕೂಲಿಯವರನ್ನು ತುಂಬಿಕೊಂಡು ಹೋಗುವ ಗಾಡಿಗಳಲ್ಲಿ ಶಾಲೆಯ ವಯಸ್ಸಿನ ಮಕ್ಕಳೂ ಇರುತ್ತಾರೆ. ಬೀಜದ ಹತ್ತಿಯ ಹೊಲದಲ್ಲಿ ಹೂವಿಗೆ ಹೂವು ತಾಗಿಸುವ ಕೆಲಸಕ್ಕೆ ಎಳೆಯ ಬೆರಳುಗಳೇ ಬೇಕೆಂದು ಹೆಣ್ಣುಮಕ್ಕಳನ್ನು ಹುಡುಕಿ ಒಯ್ದವರಿದ್ದಾರೆ. ಮನೆಯವರು ಮುಂಗಡ ಪಡೆದಿರುತ್ತಾರೆ; ಮುಂಗಡ ತೀರುವ ತನಕ ಮಗು ಹೊಲ ಬಿಡುವಂತಿಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ತಂದೆ ತಾಯಿಗಳು ಮಕ್ಕಳನ್ನು ಮುಪ್ಪಾದ ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ, ಇಲ್ಲವೆ ಶಾಲೆ ಬಿಡಿಸಿ ಜೊತೆಗೆ ಒಯ್ಯುತ್ತಾರೆ. ಬೆಳೆದ ಹುಡುಗಿಯನ್ನು ಬಿಟ್ಟು ಹೋಗುವುದಕ್ಕೆ ಹೆದರಿ ಹದಿನಾಲ್ಕಕ್ಕೇ ಮದುವೆ ಮಾಡಿ ಮುಗಿಸುವವರೂ ಇದ್ದಾರೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಹೆಣ್ಣುಮಗುವಿನ ತಲೆಯ ಮೇಲೆ ಪಡಲಗಿ ಹೊರಿಸುವ ಪದ್ಧತಿಯನ್ನು 1982ರಲ್ಲಿಯೇ ಸರ್ಕಾರ ಕಾನೂನಿನಿಂದ ನಿಷೇಧಿಸಿದರೂ ಅದರ ಬೇರು ಸುಲಭವಾಗಿ ಸಾಯಲಿಲ್ಲ.

ಇವರೆಲ್ಲ ಕೆಟ್ಟ ತಂದೆ ತಾಯಿಗಳೆಂದು ಬಯ್ಯುವುದು ಸುಲಭ. ಕಾಡಶೆಟ್ಟಿಹಳ್ಳಿಯ ನೀಲಮ್ಮ ತಾಯಿಗೆ ಕುಮಾರಸ್ವಾಮಿಗಳವರ ಕೈ ಸಿಗದಿದ್ದರೆ ಆ ಮಕ್ಕಳೂ ಜಾತ್ರೆಯ ಪಾಲಾಗುತ್ತಿದ್ದವೇನೋ. ಬಡವರ ಮಗುವನ್ನು ಕಾಯಬೇಕಾದರೆ ಮೊದಲು ಬಡವರ ಮನೆಯನ್ನು ಕಾಯಬೇಕು. ಹಿಂದೆ ಆ ಕೆಲಸವನ್ನು ಊರಿನ ಹಿಡಿ ಜೋಳ ಮಾಡುತ್ತಿತ್ತು. ಇಂದು ಸರ್ಕಾರವೂ ಕೈಜೋಡಿಸಿದೆ. ತಂದೆ ತೀರಿಕೊಂಡ ಮನೆಯ ಮಗು, ಬಂಧುಗಳ ಆಶ್ರಯದಲ್ಲಿರುವ ಅನಾಥ ಮಗು ಮನೆಯಲ್ಲಿಯೇ ಉಳಿದು ಓದಲೆಂದು ಅರ್ಹ ಕುಟುಂಬಗಳಿಗೆ ತಿಂಗಳಿಗೆ 4000 ರೂಪಾಯಿ ಕೊಡುವ ಪ್ರಾಯೋಜಕತ್ವ ಯೋಜನೆ ಮಿಷನ್ ವಾತ್ಸಲ್ಯದಲ್ಲಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ಶಾಲೆಗಳನ್ನು ನಡೆಸುವ ಏರ್ಪಾಡೂ ಇದೆ. ಆದರೆ ಅಕ್ಷರ ಬಾರದ ವಿಧವೆಯೊಬ್ಬಳು ಮಾನ್ವಿಯ ಹಳ್ಳಿಯಿಂದ ರಾಯಚೂರಿನ ಕಚೇರಿಯ ಮೆಟ್ಟಿಲು ಹತ್ತುವುದು ಹೇಗೆ? ಅಂಗನವಾಡಿಯ ತಾಯಿ, ಶಾಲೆಯ ಗುರುಗಳು, ಪಂಚಾಯಿತಿಯ ಸದಸ್ಯರು, ಮಠದ ಭಕ್ತರು ಒಟ್ಟಾಗಿ ಆಕೆಯ ಕಾಗದ ಮಾಡಿಸಿಕೊಟ್ಟರೆ ಅದೂ ಒಂದು ಕಂತಿಭಿಕ್ಷೆಯೇ.

ಊರ ಹಿರಿಯರಿಗೆ ಇನ್ನೊಂದು ಮಾತನ್ನು ಕಟುವಾದರೂ ಹೇಳಲೇಬೇಕು. ಮಗುವಿನ ಮೇಲೆ ಯಾರಾದರೂ ಕೈಮಾಡಿದಾಗ, ಹೇಳಬಾರದ ಅನ್ಯಾಯ ಮಾಡಿದಾಗ, ಮನೆತನದ ಮರ್ಯಾದೆ ಹೋಗುತ್ತದೆಂದು ಕಟ್ಟೆಯ ಮೇಲೆ ಕುಳಿತು ರಾಜಿ ಮಾಡಿಸುವ ರೂಢಿ ನಮ್ಮಲ್ಲಿದೆ. ತಪ್ಪು ಮಾಡಿದವನಿಂದ ದಂಡ ಕೊಡಿಸಿ, ಇಲ್ಲವೆ ಅವನಿಗೇ ಹುಡುಗಿಯನ್ನು ಕಟ್ಟಿ ಮುಗಿಸುವುದೂ ಉಂಟು. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದ ಮೇಲೆ ಪೊಲೀಸರಿಗೆ ತಿಳಿಸದೆ ಸುಮ್ಮನಿದ್ದವನೂ ಅಪರಾಧಿ. ಮಗುವಿನ ಹೆಸರನ್ನು ಬಯಲು ಮಾಡಬಾರದೆಂದು ಅದೇ ಕಾಯ್ದೆ ಹೇಳುತ್ತದೆ. ಮರ್ಯಾದೆ ಉಳಿಯುವುದು ಅಲ್ಲಿ, ರಾಜಿಯಲ್ಲಲ್ಲ. 1098ಕ್ಕೆ ಫೋನು ಮಾಡಿದರೆ ಕಾಸು ಬೀಳುವುದಿಲ್ಲ.

ಮಗುವನ್ನು ಒಪ್ಪಿಸಿದ ಮೇಲೆಯೂ ಹೆತ್ತವರ ಹೊಣೆ ತೀರುವುದಿಲ್ಲ. ಅದು ಮಠವಿರಲಿ, ಹಾಸ್ಟೆಲ್ ಇರಲಿ, ಅನಾಥಾಲಯವಿರಲಿ, 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಬೇಕಾದ ಸಂಸ್ಥೆಯಾದರೆ ಅದಾಗಿದೆಯೇ ಎಂದು ಕೇಳಬೇಕು. ತಿಂಗಳಿಗೊಮ್ಮೆ ಹೋಗಿ ಮಗುವನ್ನು ಕಾಣಬೇಕು, ಒಂಟಿಯಾಗಿ ಮಾತನಾಡಿಸಬೇಕು. ಕೇಳುವುದು ಗುರುನಿಂದೆಯಲ್ಲ. ಬಯಲಿನಲ್ಲಿ, ಊರವರೆಲ್ಲರ ಕಣ್ಣೆದುರಿಗೆ ಪಾಠಶಾಲೆ ನಡೆಸಿದ ಗವಾಯಿಗಳವರಿಗೆ ಮುಚ್ಚಿಡುವುದು ಏನಿತ್ತು?

1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದ ಮೇಲೆ ಗವಾಯಿಗಳವರ ಬೆನ್ನಿಗಿದ್ದ ದೊಡ್ಡ ಆಸರೆ ತಪ್ಪಿತು. ಮಕ್ಕಳ ಸಂಖ್ಯೆ ಮಾತ್ರ ತಗ್ಗಲಿಲ್ಲ. ಎಷ್ಟೋ ವರ್ಷ ತಿರುಗಿದ ಮೇಲೆ ಗದಗಿನ ಬಸರಿಗಿಡದ ವೀರಪ್ಪನವರೆಂಬ ವ್ಯಾಪಾರಿಗಳು ಜಾಗ ಕೊಟ್ಟರು, ಪಾಠಶಾಲೆಗೆ ಒಂದು ನೆಲೆ ಸಿಕ್ಕಿತು. ಆಶ್ರಮಕ್ಕೆ ಗವಾಯಿಗಳವರು ತಮ್ಮ ಹೆಸರಿಡಲಿಲ್ಲ. ದಾನಿಯ ಹೆಸರು ಉಳಿಯುವಂತೆ ವೀರೇಶ್ವರ ಪುಣ್ಯಾಶ್ರಮವೆಂದು ಕರೆದರು. 1944ರ ಜೂನ್ 11ರಂದು ಪೂಜ್ಯರು ಗದಗಿನಲ್ಲಿ ಲಿಂಗೈಕ್ಯರಾದರು. ಅವರಿಗೆ ಆಗ 52 ವರ್ಷ. 1995ರಲ್ಲಿ ಅವರ ಚರಿತ್ರೆ ಚಲನಚಿತ್ರವಾಗಿ ಬಂದಾಗ ಹಳ್ಳಿಹಳ್ಳಿಗಳ ಜನ ಬಂಡಿ ಕಟ್ಟಿಕೊಂಡು ಹೋಗಿ ನೋಡಿ ಕಣ್ಣೀರಿಟ್ಟರು.

ಆಶ್ರಮದ ಹೊಣೆಯನ್ನು ಹೊತ್ತವರು ದೇವಗಿರಿಯ ಅದೇ ತಬ್ಬಲಿ ಮಗು. ಪುಟ್ಟರಾಜ ಗವಾಯಿಗಳು ಮೂವತ್ತರ ಹರೆಯದಲ್ಲಿ ಗುರುವಿನ ಜೋಳಿಗೆಯನ್ನು ಹೆಗಲಿಗೇರಿಸಿ, 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವ ತನಕ, ಅರವತ್ತಾರು ವರ್ಷ ಕೆಳಗಿಳಿಸಲಿಲ್ಲ. ಊರೂರಿನ ಭಕ್ತರು ಅವರಿಗೆ ಸಾವಿರಾರು ಸಲ ನಾಣ್ಯಗಳ ತುಲಾಭಾರ ಮಾಡಿದರು. ತಕ್ಕಡಿಯಿಂದ ಇಳಿದೊಡನೆ ಆ ನಾಣ್ಯಗಳ ಗಂಟು ಹೋಗುತ್ತಿದ್ದುದು ಗದಗಿಗೆ, ಮಕ್ಕಳ ಊಟದ ಮನೆಗೆ.