ಯೋಚನೆಯ ಲೆಕ್ಕ ಬರೆದ ಜಾರ್ಜ್ ಬೂಲ್

ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆಯುವ ನನ್ನ ವೃತ್ತಿಯಲ್ಲಿ ದಿನವೂ ಕಿವಿಗೆ ಬೀಳುವ ಹೆಸರು ಜಾರ್ಜ್ ಬೂಲ್. ಅವರು ಪದವಿಯಿಲ್ಲದೆ ಪ್ರೊಫೆಸರ್ ಆದ ಶಾಲಾ ಮೇಷ್ಟ್ರು. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಅವರಿಗಿಂತ ಒಳ್ಳೆಯ ವಿಷಯ ನನಗೆ ಹೊಳೆಯಲಿಲ್ಲ.

ಬೂಲ್ 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಬೂಟು ಹೊಲಿಯುತ್ತಿದ್ದರು. ಅವರಿಗೆ ವ್ಯಾಪಾರಕ್ಕಿಂತ ಗಣಿತ, ದುರ್ಬೀನುಗಳ ಹುಚ್ಚೇ ಹೆಚ್ಚು. ಅಂಗಡಿ ನಷ್ಟಕ್ಕೆ ಬಿದ್ದಾಗ ಮಗ 16ನೇ ವಯಸ್ಸಿಗೇ ಮೇಷ್ಟ್ರ ಕೆಲಸ ಹಿಡಿದು ಸಂಸಾರ ಹೊತ್ತ. 19ಕ್ಕೆ ಸ್ವಂತ ಶಾಲೆ ತೆರೆದ. ಉನ್ನತ ಗಣಿತವನ್ನು ಪುಸ್ತಕ ಓದಿಯೇ ಕಲಿತ ಅವರನ್ನು 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜು ಗಣಿತದ ಪ್ರೊಫೆಸರ್ ಆಗಿ ನೇಮಿಸಿತು. ಮುಂದೆ ಅವರು ಮದುವೆಯಾದ ಮೇರಿ, ಹಿಮಾಲಯದ ಶಿಖರಕ್ಕೆ ಯಾರ ಹೆಸರಿದೆಯೋ ಆ ಜಾರ್ಜ್ ಎವರೆಸ್ಟರ ತಮ್ಮನ ಮಗಳು.

1854ರಲ್ಲಿ ಬಂದ ಅವರ ದೊಡ್ಡ ಪುಸ್ತಕದ ಗುರಿ, ಮನುಷ್ಯ ಯೋಚಿಸುವ ನಿಯಮಗಳನ್ನು ಬೀಜಗಣಿತದಲ್ಲಿ ಬರೆಯುವುದು. ಅಲ್ಲಿ ಅವರನ್ನು ಎಚ್ಚರದಿಂದ ನಡೆಸಿದ ಒಂದು ಸಣ್ಣ ಪದ 'ಅಥವಾ'. ಊಟಕ್ಕೆ ಮುದ್ದೆ ಅಥವಾ ಚಪಾತಿ ಎಂದರೆ ಎರಡರಲ್ಲಿ ಒಂದು ಎಂದು ನಾವು ತಿಳಿಯುತ್ತೇವೆ. ರೇಷನ್ ಕಾರ್ಡ್ ಅಥವಾ ಆಧಾರ್ ತನ್ನಿ ಎಂದರೆ, ಎರಡನ್ನೂ ತಂದವರನ್ನು ಯಾರೂ ವಾಪಸ್ ಕಳಿಸುವುದಿಲ್ಲ. ಪದ ಒಂದೇ, ಅರ್ಥ ಎರಡು. ಯಾವುದೆಂದು ನಮಗೆ ಸಂದರ್ಭವೇ ಹೇಳುತ್ತದೆ. ಲೆಕ್ಕಕ್ಕೆ ಸಂದರ್ಭ ಗೊತ್ತಿಲ್ಲ. ಆದ್ದರಿಂದ ಬೂಲ್ ಎರಡು ಅರ್ಥಕ್ಕೂ ಬೇರೆ ಬೇರೆ ಸೂತ್ರ ಬರೆದರು. ಕೂಡುವ ಚಿಹ್ನೆಯನ್ನು ಒಂದರೊಳಗೊಂದು ಸೇರದ ಗುಂಪುಗಳ ನಡುವೆ ಮಾತ್ರ ಹಾಕಿದರು. ಎರಡೂ ಇದ್ದರೂ ಸರಿ ಎಂಬ ಅರ್ಥವನ್ನೇ ಚಿಹ್ನೆಗೆ ಕೊಡಬೇಕೆಂದು ಜೆವೊನ್ಸ್ ವಾದಿಸಿದರು, ಬೂಲ್ ಒಪ್ಪಲಿಲ್ಲ. ಇಂದು ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಜೆವೊನ್ಸರ ಅರ್ಥವೇ.

1864ರಲ್ಲಿ ಬೂಲ್ ಮಳೆಯಲ್ಲಿ ನೆನೆದು ಕಾಲೇಜಿಗೆ ನಡೆದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ ಕಾಯಿಲೆ ಬಿದ್ದರು. ಅದೇ ಡಿಸೆಂಬರ್ 8ರಂದು ತೀರಿಕೊಂಡಾಗ ವಯಸ್ಸು 49. 1937ರಲ್ಲಿ ಅಮೆರಿಕದ ಕ್ಲಾಡ್ ಶಾನನ್, ವಿದ್ಯುತ್ ಸ್ವಿಚ್‌ಗಳ ಜೋಡಣೆಗೆ ಇದೇ ಬೀಜಗಣಿತ ಸಾಕೆಂದು ತೋರಿಸಿದರು. ಮನಸ್ಸಿಗೆಂದು ಬರೆದ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವುದು ಯಂತ್ರ. ನಾವು ಇಂದಿಗೂ ಸಂದರ್ಭ ನೋಡಿಯೇ ಯೋಚಿಸುತ್ತೇವೆ.

ಇದು ಬರೀ ಪುಸ್ತಕದ ಮಾತಲ್ಲ. ವಿದ್ಯಾರ್ಥಿವೇತನದ ನಿಯಮದಲ್ಲಿರುವ ಒಂದು 'ಅಥವಾ' ಪ್ರೋಗ್ರಾಂನಲ್ಲಿ ತಪ್ಪಾಗಿ ಕೂತರೆ, ಅರ್ಹ ಮಗುವಿನ ಅರ್ಜಿ ತಿರಸ್ಕೃತವಾಗುತ್ತದೆ. ಯಂತ್ರ ಅನುಮಾನಪಡುವುದಿಲ್ಲ. ಯಾವ ಅರ್ಥ ಎಂದು ಮೊದಲೇ ಕೇಳಬೇಕಾದವರು ನಾವು. ಈಗ ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತಿರುವ ತಮ್ಮ ತಂಗಿಯರು ಹಾಗೆ ಕೇಳಲು ಹಿಂಜರಿಯದಿರಲಿ.